ಎರಡು ನುಡಿಯ ಮಗು

ಮಕ್ಕಳನ್ನು ಶಾಲೆಗೆ ಸೇರಿಸುವ ದಿನಗಳಲ್ಲಿ ನಾವು ವರ್ಷವೂ ಎದುರಿಸುವ ಪ್ರಶ್ನೆಯೊಂದುಂಟು. ಈ ಸಲ ಅದನ್ನು ಕೇಳಿದವರು ಕೊಡಿಕೊಂಡದ ರೈತರೊಬ್ಬರು. "ಮೇಷ್ಟ್ರೇ, ಮನೇಲಿ ಕನ್ನಡ, ಬೀದೀಲಿ ತೆಲುಗು, ಪುಸ್ತಕದಲ್ಲಿ ಇಂಗ್ಲೀಷು. ಮಗೂಗೆ ತಲೆ ಕೆಡೋಲ್ವೇ? ಮನೇಲಿ ಕನ್ನಡ ಬಿಟ್ಟುಬಿಡೋಣ ಅಂತಿದೀವಿ."

ಈ ಭಯ ಅವರೊಬ್ಬರದಲ್ಲ. ಮಗುವಿನ ಮನಸ್ಸನ್ನು ನಾವು ಸೇರಿನಂತೆ ಭಾವಿಸುತ್ತೇವೆ: ರಾಗಿ ತುಂಬಿದರೆ ಜೋಳಕ್ಕೆ ಸ್ಥಳವಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅನೇಕ ವಿದ್ವಾಂಸರೂ ಹೀಗೆಯೇ ನಂಬಿದ್ದರು. ದ್ವಿಭಾಷಾ ಮಕ್ಕಳು ಬುದ್ಧಿಪರೀಕ್ಷೆಗಳಲ್ಲಿ ಹಿಂದೆ ಬೀಳುವರೆಂದು ಅವರು ಬರೆದರು. ಆದರೆ ಎಷ್ಟೋ ಪರೀಕ್ಷೆಗಳು ಮಗುವಿಗೆ ಚೆನ್ನಾಗಿ ಬಾರದ ಭಾಷೆಯಲ್ಲಿ ನಡೆದಿದ್ದವು. ಬಡವರ ಮಕ್ಕಳನ್ನು ಅನುಕೂಲಸ್ಥರ ಮಕ್ಕಳೊಡನೆ ಹೋಲಿಸಲಾಗಿತ್ತು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಅವರು ರಚಿಸಿದ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಮರುರೂಪಿಸಿದುದನ್ನು ಶಿಕ್ಷಕರ ತರಬೇತಿಯಲ್ಲಿ ಓದಿದವರು ಬಲ್ಲರು. ಮಗುವಿನ ಬುದ್ಧಿಯನ್ನು ಮಗುವಿನ ನುಡಿಯಲ್ಲಿಯೇ ಅಳೆಯಬೇಕೆಂಬ ವಿವೇಕ ಅದರಲ್ಲಿತ್ತು.

1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಸಂಶೋಧಕರು ಹತ್ತು ವರ್ಷದ ಮಕ್ಕಳನ್ನು, ಕುಟುಂಬದ ಸ್ಥಿತಿಗತಿಗಳನ್ನು ಸರಿದೂಗಿಸಿ ಪರೀಕ್ಷಿಸಿದರು. ಎರಡು ಭಾಷೆ ಬಲ್ಲವರು ಹಿಂದೆ ಬೀಳಲಿಲ್ಲ, ಮುಂದೆಯೇ ಇದ್ದರು. 1979ರಲ್ಲಿ ಜಿಮ್ ಕಮಿನ್ಸ್ ಎಂಬವರು ಎರಡು ಭಾಷೆಗಳಿಗೂ ತಳದಲ್ಲಿ ಅರಿವು ಒಂದೇ ಎಂದು ವಾದಿಸಿದರು. ನಮ್ಮ ಗಡಿಯಲ್ಲಿ ಇದಕ್ಕೆ ನಿದರ್ಶನ ಹುಡುಕಬೇಕಾಗಿಲ್ಲ. ಅಜ್ಜಿಯ ಬಳಿ ಕಾಲು, ಅರೆ, ಮುಕ್ಕಾಲು ಎಂದು ರಾಗಿ ಅಳೆದ ಮಗು ಶಾಲೆಯಲ್ಲಿ ಪಾವು, ಅರ, ಮುಪ್ಪಾವು ಎಂಬ ಹೆಸರುಗಳನ್ನಷ್ಟೇ ಹೊಸದಾಗಿ ಕಲಿಯುತ್ತದೆ; ಲೆಕ್ಕವನ್ನಲ್ಲ.

ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಮರೆಗುಳಿ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ನಿರಕ್ಷರಿಗಳಲ್ಲಿಯೂ ಈ ವ್ಯತ್ಯಾಸವಿತ್ತು. ಬೇರೆಡೆಯ ಎಲ್ಲ ಅಧ್ಯಯನಗಳೂ ಇದನ್ನು ಸಮರ್ಥಿಸಿಲ್ಲ. ಆದುದರಿಂದ ದ್ವಿಭಾಷೆಯನ್ನು ದಿವ್ಯೌಷಧವೆಂದು ಸಾರಲಾರೆವು. ಆದರೆ ಮನೆಮಾತು ಮಗುವಿನ ಬುದ್ಧಿಗೆ ಕೇಡಲ್ಲವೆಂದು ಧೈರ್ಯವಾಗಿ ಹೇಳಬಲ್ಲೆವು.

ಇಷ್ಟನ್ನು ಅರಿಯದ ಕಾಲದಲ್ಲಿ ನಾವೇ ತಪ್ಪಿದ್ದುಂಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮನೆಯಲ್ಲಿಯೂ ತೆಲುಗನ್ನೇ ಆಡಿರೆಂದು ಒಂದು ಕುಟುಂಬಕ್ಕೆ ಬುದ್ಧಿ ಹೇಳಿದೆವು. ತಾಯಿತಂದೆಯರಿಗೆ ಬರುತ್ತಿದ್ದುದು ಸಂತೆಯ ತೆಲುಗು. ಮನೆಯ ಮಾತು "ಬಾ, ಉಣ್ಣು, ಮಲಗು" ಎಂಬಷ್ಟಕ್ಕೆ ಇಳಿಯಿತು. ಅಜ್ಜಿಯ ಕಥೆ ನಿಂತಿತು. ಮಗುವಿನ ತೆಲುಗೂ ಬೆಳೆಯಲಿಲ್ಲ. ಆ ಹುಡುಗಿಯ ಮೌನ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ರೈತರಿಗೆ ನಾವು ಹೇಳಿದುದು ಇಷ್ಟೇ: "ಸ್ವಾಮಿ, ರಾತ್ರಿ ಊಟಕ್ಕೆ ಕುಳಿತಾಗ ಇಂದು ಏನು ಕಲಿತೆ ಎಂದು ಮಗುವನ್ನು ಕನ್ನಡದಲ್ಲಿ ಕೇಳಿ. ತೆಲುಗು ಪದ ಬೆರೆಸಿದರೆ ಗದರಬೇಡಿ. ಶಾಲೆಯ ತೆಲುಗು, ಇಂಗ್ಲೀಷುಗಳ ಹೊಣೆ ನಮ್ಮದು." ಅವರು ಒಪ್ಪಿ ಹೆಬ್ಬಾಗಿಲು ದಾಟುವಾಗ ಮಗುವನ್ನು ಕರೆದದ್ದು ಕನ್ನಡದಲ್ಲಿ. ಮಗು ಓಗೊಟ್ಟದ್ದು ತೆಲುಗಿನಲ್ಲಿ. ಇಬ್ಬರಿಗೂ ಅರ್ಥವಾಗಿತ್ತು.