ಮನೆಯ ಯಂತ್ರಗಳು: ಉತ್ತರದ ಚೀಟಿ

ಯಜಮಾನನು ಪರಸ್ಥಳಕ್ಕೆ ಹೊರಡುವಾಗ, ಮಾಡತಕ್ಕ ಕೆಲಸಗಳನ್ನು ಚೀಟಿಯಲ್ಲಿ ಬರೆದು ಆಳಿನ ಕೈಗಿತ್ತು ಹೋಗುವ ವಾಡಿಕೆಯುಂಟಷ್ಟೆ. ಚೀಟಿಯಲ್ಲಿಲ್ಲದ ಸಂಗತಿಯೇನಾದರೂ ಎದುರಾದರೆ ಬುದ್ಧಿವಂತನಾದ ಆಳು ನೆರೆಮನೆಯವರನ್ನಾದರೂ ಕೇಳಿ ನಡೆಸಿಕೊಂಡು ಹೋಗುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ. ಬರೆದುದನ್ನು ಮಾಡುತ್ತದೆ; ಬರೆಯದಿದ್ದರೆ ನಿಂತುಬಿಡುತ್ತದೆ; ತಪ್ಪಾಗಿ ಬರೆದಿದ್ದರೆ ಆ ತಪ್ಪನ್ನೇ ಶ್ರದ್ಧೆಯಿಂದ ಮಾಡಿ ಮುಗಿಸುತ್ತದೆ. ಹತ್ತಿರ ಯಾರೂ ಕುಳಿತಿರದೆ, ಕಂಪ್ಯೂಟರು ತಾನೇ ತಾನಾಗಿ ಆಪರೇಟಿಂಗ್ ಸಿಸ್ಟಮನ್ನು ಸ್ಥಾಪಿಸಿಕೊಳ್ಳುವಂತೆ ಏರ್ಪಡಿಸುವ ಕ್ರಮವೊಂದುಂಟು. ಅದರಲ್ಲಿ ತಲೆದೋರುವ ತೊಡಕುಗಳನ್ನು ಈ ತಿಂಗಳು ವಿಚಾರಿಸೋಣ.

ಇದು ದೊಡ್ಡ ಕಚೇರಿಗಳ ಮಾತು, ಸಂಸಾರಿಗಳಿಗೇಕೆ ಎಂದು ವಾಚಕರು ಕೇಳಬಹುದು. ಶಾಲೆಯಲ್ಲಿ ಮೂವತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಉಪಾಧ್ಯಾಯರೂ, ಮನೆಯ ಹಳೆಯ ಯಂತ್ರವನ್ನು ಹೊಸದು ಮಾಡಹೊರಡುವ ಕಾಲೇಜು ಮಕ್ಕಳೂ ಈಗ ಇದಕ್ಕೆ ಕೈಹಾಕುತ್ತಾರೆ. ಮನೆಯ ಡಿಸ್ಕಿನಲ್ಲಿಯಾದರೋ ಮದುವೆ ಮುಂಜಿಗಳ ಚಿತ್ರಗಳೂ, ಜಮೀನಿನ ಪತ್ರಗಳ ಪ್ರತಿಗಳೂ, ವರ್ಷಗಳ ಲೆಕ್ಕವೂ ಇರುವುವು. ಆದುದರಿಂದ ಮನೆಯವರೆಲ್ಲರೂ ಇದನ್ನು ಕೊಂಚ ತಿಳಿದಿರತಕ್ಕದ್ದು.

1993ರಲ್ಲಿ ಇಯಾನ್ ಮುರ್ಡಾಕ್ ಎಂಬವರು ಆರಂಭಿಸಿದ ಡೆಬಿಯನ್ ಎಂಬ ಸಿಸ್ಟಮನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಅದರ ಸ್ಥಾಪಕವು ಭಾಷೆ, ದೇಶ, ಕೀಲಿಮಣೆ, ನೆಟ್‌ವರ್ಕು, ಪಾಸ್‌ವರ್ಡು, ಡಿಸ್ಕು ಎಂದು ಒಂದೊಂದಾಗಿ ಪ್ರಶ್ನಿಸುತ್ತ ಹೋಗುತ್ತದೆ. ಭಾಷೆಗಳ ಪಟ್ಟಿಯಲ್ಲಿ ನಮ್ಮ ಕನ್ನಡವೂ ಇರುವುದು ಸಂತೋಷದ ಸಂಗತಿ. ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಚೀಟಿಗೆ ಪ್ರಿಸೀಡ್ ಎಂದು ಹೆಸರು.

ಮೊದಲನೆಯ ತೊಡಕು ಬರವಣಿಗೆಯದು. ಚೀಟಿಯ ಪ್ರತಿಯೊಂದು ಸಾಲಿನಲ್ಲಿಯೂ ನಾಲ್ಕು ಭಾಗಗಳು: ಪ್ರಶ್ನೆ ಯಾರದು, ಅದರ ಹೆಸರೇನು, ಉತ್ತರ ಯಾವ ಜಾತಿಯದು, ಉತ್ತರವೇನು. ಕೊನೆಯ ಎರಡರ ನಡುವೆ ಒಂದೇ ಒಂದು ತೆರಪಿರಬೇಕು. ಅಂದವಾಗಿ ಕಾಣಲೆಂದು ಇನ್ನೊಂದು ತೆರಪು ಬಿಟ್ಟರೆ, ಆ ತೆರಪು ಉತ್ತರದ ಭಾಗವೆಂದೇ ಗಣನೆಗೆ ಬರುವುದು. ಪಾಸ್‌ವರ್ಡಿನ ಮುಂದೆ ಇಂಥದೊಂದು ತೆರಪು ಸೇರಿಕೊಂಡರೆ, ಸ್ಥಾಪನೆಯೇನೋ ಸುಸೂತ್ರವಾಗಿ ಮುಗಿಯುತ್ತದೆ. ಮರುದಿನ ಯಂತ್ರದೊಳಕ್ಕೆ ಪ್ರವೇಶವೇ ದೊರೆಯದು. ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್ ಎಂಬ ಆಜ್ಞೆಗೆ ಸಿ ಎಂಬ ಸೂಚನೆಯನ್ನು ಕೂಡಿಸಿ ಕೊಟ್ಟರೆ, ಚೀಟಿಯ ರೂಪ ಸರಿಯಾಗಿದೆಯೇ ಎಂದು ಅದು ಮುಂಚಿತವಾಗಿಯೇ ಪರೀಕ್ಷಿಸುತ್ತದೆ. ಉತ್ತರ ಉಚಿತವೋ ಅಲ್ಲವೋ ಎಂಬುದನ್ನು ಮಾತ್ರ ಅದು ಹೇಳಲಾರದು. ಅದು ಬರೆದವರ ಹೊಣೆ.

ಎರಡನೆಯ ತೊಡಕು ಕಾಲದ್ದು. ಉತ್ತರ ಸರಿಯಾಗಿಯೇ ಇದ್ದರೂ ಯಂತ್ರವು ಮತ್ತೆ ಅದನ್ನೇ ಕೇಳುವುದುಂಟು. ಅನೇಕರು ಇಲ್ಲಿ ಚೀಟಿಯನ್ನು ಹತ್ತು ಸಲ ತಿದ್ದಿ ಬೇಸರಗೊಳ್ಳುತ್ತಾರೆ. ಕಾರಣವೇನೆಂದರೆ, ಚೀಟಿಯನ್ನು ನೆಟ್‌ವರ್ಕಿನ ಮೂಲಕ ತರಿಸುವುದಾದರೆ, ಆ ಸಂಪರ್ಕವುಂಟಾದ ಮೇಲಲ್ಲದೆ ಅದು ಯಂತ್ರದ ಕೈಸೇರದು. ಭಾಷೆ, ಕೀಲಿಮಣೆ, ನೆಟ್‌ವರ್ಕುಗಳ ಪ್ರಶ್ನೆಗಳಾದರೋ ಅದಕ್ಕಿಂತ ಮುಂಚೆಯೇ ಬಂದುಹೋಗುವುವು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಪ್ರಶ್ನೆ ಮುಗಿದ ಬಳಿಕ ಬಂದ ಉತ್ತರದಿಂದ ಪ್ರಯೋಜನವಿಲ್ಲ. ಯಂತ್ರವನ್ನು ಪ್ರಾರಂಭಿಸುವ ಸಾಲಿನಲ್ಲಿ ಆಟೋ=ಟ್ರೂ ಎಂದು ಬರೆದರೆ ಭಾಷೆ, ಕೀಲಿಮಣೆಗಳ ಪ್ರಶ್ನೆಗಳು ಚೀಟಿ ಬರುವವರೆಗೂ ತಡೆಯುವುವು. ನೆಟ್‌ವರ್ಕಿನ ಉತ್ತರಗಳನ್ನು ಆ ಸಾಲಿನಲ್ಲಿಯೇ ಕೊಡಬೇಕು.

ಯಂತ್ರವು ನಿಂತಾಗ ಗಾಬರಿಗೊಂಡು ವಿದ್ಯುತ್ತನ್ನು ಆರಿಸಕೂಡದು. ಪರದೆಯ ಮೇಲಿರುವ ಪ್ರಶ್ನೆಯನ್ನು ಮೊದಲು ಬರೆದುಕೊಳ್ಳಬೇಕು. ಉತ್ತರ ದೊರೆಯದೆ ಹೋದ ಪ್ರಶ್ನೆ ಅದೇ. ಬಳಿಕ ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒತ್ತಿದರೆ, ಚಿತ್ರರೂಪದ ಸ್ಥಾಪಕವಾದರೆ ಕಂಟ್ರೋಲನ್ನೂ ಸೇರಿಸಿ ಒತ್ತಿದರೆ, ಸ್ಥಾಪಕವು ಬರೆಯುತ್ತಿರುವ ದಿನಚರಿ ಕಾಣುತ್ತದೆ. ಚೀಟಿ ಕೈಸೇರಿತೇ, ಯಾವ ಹೆಜ್ಜೆಯಲ್ಲಿ ಎಡವಿತು ಎಂಬುದು ಅಲ್ಲಿ ತಿಳಿಯುವುದು. ವಿಂಡೋಸಿನಲ್ಲಿಯೂ ನ್ಯಾಯ ಇದೇ. ಅಲ್ಲಿ ಚೀಟಿಗೆ ಆಟೋಅನ್‌ಅಟೆಂಡ್ ಎಂದು ಹೆಸರಿಟ್ಟು, ಎಕ್ಸ್‌ಎಮ್‌ಎಲ್ ರೂಪದಲ್ಲಿ, ಯುಎಸ್‌ಬಿ ಕಡ್ಡಿಯ ಮೇಲ್ಮಟ್ಟದಲ್ಲಿಯೇ ಇಡಬೇಕು. ಒಳಗಿನ ಫೋಲ್ಡರಿನಲ್ಲಿ ಅಡಗಿಸಿದರೆ ಅದು ಕಣ್ಣಿಗೆ ಬೀಳದು. ಶಿಫ್ಟ್ ಮತ್ತು ಎಫ್10 ಒತ್ತಿದರೆ ಆಜ್ಞೆ ಬರೆಯುವ ಕಿಟಕಿ ತೆರೆಯುವುದು. ಪ್ಯಾಂಥರ್ ಎಂಬ ಫೋಲ್ಡರಿನಲ್ಲಿ ಸೆಟಪ್‌ಆಕ್ಟ್, ಸೆಟಪ್‌ಎರ್ ಎಂಬ ದಿನಚರಿಗಳಿರುವುವು.

ಇಷ್ಟೆಲ್ಲ ಹೇಳಿದ ಮೇಲೆ, ನಿಂತ ಯಂತ್ರವು ನಮ್ಮ ಹಿತೈಷಿಯೆಂದೇ ಭಾವಿಸುವೆವು. ತನಗೆ ತಿಳಿಯದುದನ್ನು ಅದು ಕೇಳಿತು, ಅಷ್ಟೆ. ಹೋದುದು ಒಂದು ಗಂಟೆಯ ಕಾಲ ಮಾತ್ರ. ಭಯಪಡಬೇಕಾದುದು ನಿಲ್ಲದ ಯಂತ್ರಕ್ಕೆ.

ಸ್ಥಾಪನೆಯೆಂದರೆ ಸಾಮಾನ್ಯವಾಗಿ ಡಿಸ್ಕನ್ನು ಅಳಿಸಿ ಹೊಸದಾಗಿ ವಿಭಾಗಿಸುವುದು. ಯಾವ ಡಿಸ್ಕೆಂಬುದನ್ನು ಚೀಟಿಯಲ್ಲಿ ಎಸ್‌ಡಿಎ ಎಂದು ಬರೆಯುವುದು ರೂಢಿ. ಆದರೆ ಎಸ್‌ಡಿಎ ಎಂಬುದು ಯಾವುದೊಂದು ಡಿಸ್ಕಿನ ಹುಟ್ಟುಹೆಸರಲ್ಲ. ಯಂತ್ರವು ಎಣಿಸಿದ ಕ್ರಮದಲ್ಲಿ ಮೊದಲು ಸಿಕ್ಕಿದ್ದಕ್ಕೆ ಅಂಟಿದ ಹೆಸರು. ಒಂದು ಯಂತ್ರದಲ್ಲಿ ಅದು ಒಳಗಿನ ಡಿಸ್ಕಾಗಿದ್ದರೆ, ಮತ್ತೊಂದರಲ್ಲಿ ಯುಎಸ್‌ಬಿ ಕಡ್ಡಿಯೋ, ಚಿತ್ರಗಳನ್ನು ತುಂಬಿಟ್ಟ ಹೊರಡಿಸ್ಕೋ ಆಗಬಹುದು. ಎನ್‌ವಿಎಮ್‌ಇ ಎಂಬ ಹೊಸ ಬಗೆಯ ಡಿಸ್ಕುಗಳಿಗಂತೂ ಹೆಸರಿನ ರೀತಿಯೇ ಬೇರೆ. ಚೀಟಿಯಲ್ಲಿ ದೃಢೀಕರಣದ ಪ್ರಶ್ನೆಗೂ ಹೌದೆಂದು ಬರೆದಿಟ್ಟಿದ್ದರೆ ಯಂತ್ರವು ಕೇಳದೆಯೇ ಅಳಿಸಿಬಿಡುವುದು.

ಆದುದರಿಂದ ಮನೆಯಲ್ಲಿ ಈ ಕೆಲಸಕ್ಕೆ ಹೊರಡುವವರು ಮೂರು ನಿಯಮಗಳನ್ನು ಪಾಲಿಸಲಿ. ಬೇಕಾದುದೆಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಅದನ್ನು ಬೇರೆ ಕೋಣೆಯಲ್ಲಿರಿಸಬೇಕು. ಚೀಟಿಯನ್ನು ಮೊದಲು ಏನೂ ಇಲ್ಲದ ಯಂತ್ರದಲ್ಲಾಗಲಿ, ಕಂಪ್ಯೂಟರಿನೊಳಗಣ ವರ್ಚುವಲ್ ಯಂತ್ರದಲ್ಲಾಗಲಿ ಪರೀಕ್ಷಿಸಬೇಕು. ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದರೂ, ಡಿಸ್ಕನ್ನು ಅಳಿಸಲೇ ಎಂಬ ಪ್ರಶ್ನೆಯೊಂದಕ್ಕೆ ಉತ್ತರ ಬರೆಯದೆ ಬಿಡಬೇಕು.

ಹಾಗಾದರೆ ಅದು ತಾನೇ ತಾನಾಗಿ ನಡೆದ ಸ್ಥಾಪನೆಯಾದೀತೆ ಎಂದು ಕೇಳುವವರಿರಬಹುದು. ಮೂವತ್ತು ಯಂತ್ರಗಳ ಮುಂದೆ ಒಂದೊಂದು ಸಲ ನಿಂತು, ಡಿಸ್ಕಿನ ಹೆಸರನ್ನೂ ಅಳತೆಯನ್ನೂ ಓದಿ, ಗುಂಡಿಯೊತ್ತಲು ಒಂದು ಗಂಟೆ ಹಿಡಿದೀತು. ಅಳಿದುಹೋದ ಅಜ್ಜಿಯ ಚಿತ್ರವನ್ನು ಮರಳಿ ತರಲು ಎಷ್ಟು ಗಂಟೆಗಳಾದರೂ ಸಾಲವು.