ಕುಕನೂರಿನ ಪಾಲಿನ ಲೆಕ್ಕ ಕೇಳೋಣ ಬನ್ನಿ

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆ ಕೈಗೆ ಬಂದ ಕೂಡಲೇ ನಮ್ಮ ಭಾಗದವರ ಕಣ್ಣು ಹುಡುಕುವುದು ಒಂದೇ ಸಾಲನ್ನು: ಕಲ್ಯಾಣ ಕರ್ನಾಟಕಕ್ಕೆ ಎಷ್ಟು ಕೊಟ್ಟರು? 2023–24ರಲ್ಲಿ 5,000 ಕೋಟಿ ಎಂದಿತ್ತು. 2024–25ರಲ್ಲೂ 5,000 ಕೋಟಿ, 2025–26ರಲ್ಲೂ 5,000 ಕೋಟಿ. ಅಷ್ಟು ಓದಿ, ಪರವಾಗಿಲ್ಲ ಎಂದೋ ಸಾಲದು ಎಂದೋ ಅಂದುಕೊಂಡು ಪತ್ರಿಕೆ ಮಡಚಿಡುತ್ತೇವೆ. ಹೋದ ವರ್ಷದ 5,000 ಕೋಟಿ ಎಲ್ಲಿ ಹೋಯಿತು, ಅದರಲ್ಲಿ ಕುಕನೂರು ತಾಲ್ಲೂಕಿಗೆ ಬಂದದ್ದೆಷ್ಟು, ಬಂದದ್ದರಲ್ಲಿ ಕೆಲಸವಾಗಿ ನಿಂತದ್ದೆಷ್ಟು ಎಂದು ಹುಡುಕುವವರು ನಮ್ಮಲ್ಲಿ ಎಷ್ಟು ಮಂದಿ? ಕುಕನೂರಿನ, ಯಲಬುರ್ಗಾದ, ಕುಷ್ಟಗಿಯ, ಕೊಪ್ಪಳದ, ಗಂಗಾವತಿಯ ನನ್ನ ಜನರೇ, ಘೋಷಣೆಯನ್ನು ಓದಿದಷ್ಟೇ ಆಸ್ಥೆಯಿಂದ ಲೆಕ್ಕವನ್ನೂ ಹುಡುಕೋಣ. ಸಿಗದಿದ್ದರೆ ಕೇಳೋಣ. ಕೊಡದಿದ್ದರೆ ಬೆನ್ನು ಬಿಡದೆ ಕೇಳೋಣ.

ಕೇಳುವ ಹಕ್ಕನ್ನು ಸಂವಿಧಾನವೇ ಬರೆದುಕೊಟ್ಟಿದೆ. 371(ಜೆ) ವಿಧಿ ಸುಮ್ಮನೆ ಬಂದದ್ದಲ್ಲ. ವೈಜನಾಥ ಪಾಟೀಲರಂಥವರು ಅದಕ್ಕಾಗಿ ಆಯುಷ್ಯ ಸವೆಸಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿತು, 2013ರಲ್ಲಿ ಅದು ಜಾರಿಗೆ ಬಂತು. ಅಂದಿನಿಂದ ನಮ್ಮ ಮನೆಗಳಲ್ಲಿ ಆ ವಿಧಿಯ ಮಾತು ಬಂದರೆ ಅದು ಸೀಟಿನ ಮಾತು, ನೌಕರಿಯ ಮಾತು. ಮಗಳಿಗೆ ಮೆಡಿಕಲ್ ಸೀಟು, ಮಗನಿಗೆ ಪಿಡಿಒ ಹುದ್ದೆ. ಅದು ಬೇಕಾದದ್ದೇ. ಆದರೆ ಅದೇ ವಿಧಿ ಶುರುವಾಗುವುದೇ ಬೇರೊಂದು ಮಾತಿನಿಂದ. ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು, ಆ ಮಂಡಳಿ ಏನು ಮಾಡಿತು ಎಂಬ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು, ಅಭಿವೃದ್ಧಿಯ ಹಣ ಈ ಭಾಗಕ್ಕೆ ನ್ಯಾಯವಾಗಿ ಹಂಚಿಕೆಯಾಗಬೇಕು ಎನ್ನುತ್ತದೆ ಅದು. ಹಣದ ಜೊತೆಗೇ ಲೆಕ್ಕವನ್ನೂ ಕಟ್ಟಿಕೊಟ್ಟ ವಿಧಿ ಇದು. ನಾವು ಹಣವನ್ನು ನೆನಪಿಟ್ಟುಕೊಂಡು ಲೆಕ್ಕವನ್ನು ಮರೆತುಬಿಟ್ಟಿದ್ದೇವೆ.

ವರದಿಯನ್ನು ಸದನದ ಮೇಜಿನ ಮೇಲೆ ಇಡುವುದು ಬೇರೆ, ಅದನ್ನು ಓದಿ ಚರ್ಚೆ ಮಾಡುವುದು ಬೇರೆ. ಈ ಭಾಗದ ಏಳು ಜಿಲ್ಲೆಗಳಿಂದ 41 ಶಾಸಕರನ್ನು ಆರಿಸಿ ಕಳಿಸುತ್ತೇವೆ. ಅವರಲ್ಲಿ ಎಷ್ಟು ಜನ ಆ ವರದಿಯ ಪುಟ ತಿರುವಿ ‘ಯಲಬುರ್ಗಾಕ್ಕೆ ಮಂಜೂರಾದ ಈ ಕಾಮಗಾರಿ ಯಾಕೆ ನಿಂತಿದೆ’ ಎಂದು ಸದನದಲ್ಲಿ ಎದ್ದು ಕೇಳಿದ್ದಾರೆ? ಕುಕನೂರಿನ ಗ್ರಂಥಾಲಯದಲ್ಲಿ ಆ ವರದಿಯ ಒಂದು ಪ್ರತಿ ಇದೆಯೇ? ನಮ್ಮ ಪಿಯು ಕಾಲೇಜಿನ ಅರ್ಥಶಾಸ್ತ್ರದ ಮಕ್ಕಳ ಕೈಗೆ ಅದು ಒಮ್ಮೆಯಾದರೂ ಬಂದಿದೆಯೇ?

ಲೆಕ್ಕ ಕೇಳದ ಈ ರೂಢಿಗೆ ಹಳೆಯ ಬೇರಿದೆ. 1881ರಲ್ಲಿ ಹಳೆ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ, ನಿಜ. ಆದರೂ ಸಂಸ್ಥಾನದ ಆದಾಯ ಎಷ್ಟು, ವೆಚ್ಚ ಎಷ್ಟು ಎಂಬುದನ್ನು ಅಲ್ಲಿನ ರೈತರ, ವರ್ತಕರ ಪ್ರತಿನಿಧಿಗಳು ದಿವಾನರ ಬಾಯಿಂದಲೇ ಕೇಳಿದರು. ಆ ಹೊತ್ತಿಗೆ ನಮ್ಮ ಕೊಪ್ಪಳ ಸೀಮೆ ನಿಜಾಮನ ರಾಜ್ಯದಲ್ಲಿ ಸಾಲಾರ್ ಜಂಗನ ಜಹಗೀರು. ಕಂದಾಯ ಕಟ್ಟುವುದಷ್ಟೇ ನಮ್ಮ ಕೆಲಸ, ಅದು ಎಲ್ಲಿ ಹೋಯಿತು ಎಂದು ಕೇಳುವ ಬಾಯಿ ನಮಗಿರಲಿಲ್ಲ. 1948ರ ಸೆಪ್ಟೆಂಬರ್ 17ರವರೆಗೂ ಇರಲಿಲ್ಲ. ಜಹಗೀರು ಹೋಗಿ ಮುಕ್ಕಾಲು ಶತಮಾನ ದಾಟಿದೆ. ಕೇಳಬಾರದು ಎಂಬ ಅಂಜಿಕೆ ಮಾತ್ರ ನಮ್ಮೊಳಗೆ ಉಳಿದುಬಿಟ್ಟಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ.

ನಮ್ಮ ಕಡೆಯ ಹಳ್ಳಿಯೊಂದರಲ್ಲಿ ಸಿಮೆಂಟ್ ರಸ್ತೆಯ ಪಕ್ಕ ಕಾಮಗಾರಿ ಫಲಕ ನೋಡಿದೆ. ನೀಲಿ ಬಣ್ಣ, ಬಿಳಿ ಅಕ್ಷರ. ಮೇಲೆ ದೊಡ್ಡದಾಗಿ ಯೋಜನೆಯ ಹೆಸರು. ಕೆಳಗೆ ‘ಅಂದಾಜು ಮೊತ್ತ ರೂ.’ ಎಂದು ಬರೆದು ಮುಂದೆ ಖಾಲಿ. ‘ಕಾಮಗಾರಿ ಆರಂಭಿಸಿದ ದಿನಾಂಕ’, ಖಾಲಿ. ‘ಮುಗಿದ ದಿನಾಂಕ’, ಅದೂ ಖಾಲಿ. ರಸ್ತೆಯ ಅಂಚು ಆಗಲೇ ಒಡೆದು ಜಲ್ಲಿ ಮೇಲೆದ್ದಿತ್ತು. ಚರಂಡಿ ನಾಲ್ಕು ಮನೆ ದಾಟಿ ಜಾಲಿಗಿಡದ ಬುಡದಲ್ಲಿ ನಿಂತುಬಿಟ್ಟಿತ್ತು, ನೀರು ಹೋಗಲು ದಾರಿಯಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಹೇಳಿದರು: “ಎಷ್ಟ್ ರೊಕ್ಕ ಬಂದಾವಂತ ಕೇಳಿದ್ರ, ‘ನಿನಗ್ಯಾಕಬೇ ಅದೆಲ್ಲ’ ಅಂದ್ರು ನೋಡ್ರಿ.”

ಆ ಮಾತು ನನ್ನನ್ನು ಬಿಟ್ಟಿಲ್ಲ. ಅಜ್ಜಿಗೆ ಯಾಕೆ ಬೇಕು? ಬೇಕು, ಯಾಕೆಂದರೆ ಆ ರೊಕ್ಕ ಅಜ್ಜಿಯದೇ. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 6.11 ಕೋಟಿ. ಭಾಗಿಸಿ ನೋಡಿ: ತಲೆಗೆ ಸುಮಾರು 67 ಸಾವಿರ ರೂಪಾಯಿ. ತೊಟ್ಟಿಲ ಕೂಸಿನಿಂದ ಹಿಡಿದು ಆ ಅಜ್ಜಿಯವರೆಗೆ ಎಲ್ಲರ ತಲೆಗೂ. ಈ ಹಣ ಎಲ್ಲಿಂದ ಬಂತು? ಡೀಸೆಲ್ಲಿನ ಮೇಲಿನ ತೆರಿಗೆಯಿಂದ, ಕೊಂಡ ಸಾಮಾನಿನ ಜಿಎಸ್‌ಟಿಯಿಂದ, ಹೊಲ ಮಾರಿದಾಗ ಕಟ್ಟಿದ ನೋಂದಣಿ ಶುಲ್ಕದಿಂದ. ಅಬಕಾರಿಯೊಂದರಿಂದಲೇ ಆ ವರ್ಷ 40 ಸಾವಿರ ಕೋಟಿ ಗುರಿ ಇಟ್ಟಿದ್ದರು. ಅದು ಯಾರ ಮನೆಯ ಒಲೆ ಆರಿಸಿ ಬಂದ ಹಣ ಎಂದು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಇಷ್ಟೂ ಸಾಲದೆ ಸುಮಾರು 1.16 ಲಕ್ಷ ಕೋಟಿ ಸಾಲ. ಅದನ್ನು ತೀರಿಸುವವರು ಇಂದು ಅಂಗನವಾಡಿಯಲ್ಲಿ ಕೂತಿರುವ ಮಕ್ಕಳು.

ಈ ಹಣಕ್ಕೆ ಕಾವಲು ಯಾರು? ಸಂವಿಧಾನದ ಉತ್ತರ ಸ್ಪಷ್ಟ: ಶಾಸಕಾಂಗ. 202ನೇ ವಿಧಿಯಂತೆ ಆಯವ್ಯಯ ಸದನದ ಮುಂದೆ ಬರಬೇಕು. 203ರಂತೆ ಇಲಾಖೆಗಳ ಬೇಡಿಕೆಗಳ ಮೇಲೆ ಮತ ಆಗಬೇಕು. 204ರಂತೆ ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು. ಅದಾಗದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ವರ್ಷ ಕಳೆದ ಮೇಲೆ ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿ 151ನೇ ವಿಧಿಯಂತೆ ಮತ್ತೆ ಸದನಕ್ಕೇ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸಬೇಕು. ಕೊಡುವಾಗ ಒಮ್ಮೆ, ಕೊಟ್ಟ ಮೇಲೆ ಒಮ್ಮೆ, ಹೀಗೆ ಎರಡು ಕಡೆ ಬೀಗ ಹಾಕಿದ್ದಾರೆ ಸಂವಿಧಾನ ಬರೆದವರು. ಎರಡರ ಕೀಲಿಯೂ ನಾವು ಆರಿಸಿ ಕಳಿಸಿದವರ ಕೈಯಲ್ಲಿದೆ.

ಆ ಕೈಗಳು ಏನು ಮಾಡುತ್ತಿವೆ? 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ನಡೆದದ್ದನ್ನು ಇಡೀ ರಾಜ್ಯ ನೋಡಿತು. ಹನಿಟ್ರ್ಯಾಪ್ ಆರೋಪದ ಗದ್ದಲದಲ್ಲಿ ಕಾಗದ ಹರಿದು ಸಭಾಧ್ಯಕ್ಷರ ಪೀಠದತ್ತ ತೂರಿದರು. 18 ಶಾಸಕರು ಅಮಾನತಾದರು. ಬಜೆಟ್ ಚರ್ಚೆಗೆ ಮುಖ್ಯಮಂತ್ರಿಗಳು ಕೊಟ್ಟ ಉತ್ತರ ಆ ಕೂಗಾಟದಲ್ಲಿ ಮುಳುಗಿಹೋಯಿತು. ಅದೇ ಕೂಗಾಟದ ನಡುವೆ ಶಾಸಕರ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಗಳ ವೇತನವನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ವಿಧೇಯಕಗಳು ಚರ್ಚೆಯೇ ಇಲ್ಲದೆ ಪಾಸಾದವು. ವೇತನ ಹೆಚ್ಚಿಸಿಕೊಂಡದ್ದಕ್ಕೆ ನನ್ನ ತಕರಾರಿಲ್ಲ. ಕೆಲಸ ಮಾಡುವ ಶಾಸಕನಿಗೆ ಸಂಬಳ ಬೇಕು. ನನ್ನ ತಕರಾರು ಇದು: ತಮ್ಮ ಸಂಬಳಕ್ಕೆ ಒಮ್ಮತ ಸಿಕ್ಕ ಸದನದಲ್ಲಿ ನಾಲ್ಕು ಲಕ್ಷ ಕೋಟಿಯ ಲೆಕ್ಕ ಕೇಳಲು ಸಮಾಧಾನ ಸಿಗಲಿಲ್ಲ. ಇದರಲ್ಲಿ ಆಳುವ ಪಕ್ಷವನ್ನು ಬಿಟ್ಟು ವಿರೋಧ ಪಕ್ಷವನ್ನು ದೂರುವಂತಿಲ್ಲ, ವಿರೋಧ ಪಕ್ಷವನ್ನು ಬಿಟ್ಟು ಆಳುವ ಪಕ್ಷವನ್ನೂ ದೂರುವಂತಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಎಂದು 2005ರಲ್ಲಿ ಈ ಶಾಸನಸಭೆಯೇ ಕಾಯ್ದೆ ಮಾಡಿಕೊಂಡಿತು. ಹೆಚ್ಚಿನ ವರ್ಷಗಳಲ್ಲಿ ಆ ಕಾಯ್ದೆಯನ್ನು ಮುರಿದದ್ದೂ ಎಲ್ಲ ಪಕ್ಷಗಳು ಸೇರಿಯೇ.

ಇನ್ನೊಂದು ಸಂಗತಿಯನ್ನು ನಾವು ಬಿಡಿಸಿ ನೋಡಲೇಬೇಕು. ಘೋಷಣೆಯಾದ ಹಣ ಹಂಚಿಕೆಯಾದ ಹಣವಲ್ಲ. ಹಂಚಿಕೆಯಾದದ್ದು ಬಿಡುಗಡೆಯಾದದ್ದಲ್ಲ. ಬಿಡುಗಡೆಯಾದದ್ದೆಲ್ಲ ಖರ್ಚಾಗಿರುವುದಿಲ್ಲ. ಖರ್ಚಾಯಿತು ಎಂದು ಬರೆದ ಮಾತ್ರಕ್ಕೆ ಊರಿನಲ್ಲಿ ಕೆಲಸ ಆಗಿದೆ ಎಂದೂ ಅಲ್ಲ. ಮಾರ್ಚ್ ಕೊನೆಗೆ ಹಣವನ್ನು ಇಲಾಖೆಯ ಠೇವಣಿ ಖಾತೆಗೆ ಹಾಕಿಬಿಟ್ಟರೆ ಸರ್ಕಾರದ ಪುಸ್ತಕದಲ್ಲಿ ಅದು ವೆಚ್ಚ ಎಂದೇ ದಾಖಲಾಗುತ್ತದೆ. ಇಂಥ ವೈಯಕ್ತಿಕ ಠೇವಣಿ ಖಾತೆಗಳ ಬಗ್ಗೆ ಸಿಎಜಿ ಮತ್ತೆ ಮತ್ತೆ ಆಕ್ಷೇಪ ಎತ್ತಿದೆ. ಕಾರ್ಯಕ್ರಮದ ವೇದಿಕೆಯಲ್ಲಿ ನಿಂತು ‘ಇಷ್ಟು ಕೋಟಿ ತಂದೆ’ ಎನ್ನುವ ಮಾತು ಕೇಳಿದಾಗ ಚಪ್ಪಾಳೆ ತಟ್ಟುವ ಮುಂಚೆ ಕೇಳಬೇಕು: ಇದು ಈ ಐದರಲ್ಲಿ ಯಾವ ಹಂತದ ಕೋಟಿ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ನಮ್ಮ ಸ್ಥಿತಿಯನ್ನು ಅಳೆದು ತೋರಿಸಿತ್ತು. ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಅಂದು ಕುಕನೂರನ್ನು ಒಳಗೊಂಡಿದ್ದ ಯಲಬುರ್ಗಾ, ಅದರ ಪಕ್ಕದ ಕುಷ್ಟಗಿ, ಎರಡೂ ಆ ಕೊನೆಯ ಸಾಲಿನಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ಹಾಕಿ ಈ ಅಂತರ ತುಂಬಿರಿ ಎಂದರು ನಂಜುಂಡಪ್ಪನವರು. ಎರಡು ದಶಕ ದಾಟಿದ ಮೇಲೆ, 2024ರಲ್ಲಿ, ಅಂತರ ಎಷ್ಟು ಉಳಿದಿದೆ ಎಂದು ನೋಡಲು ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಬೇಕಾಯಿತು. ಮಳೆಯನ್ನೇ ನಂಬಿ ಕಡಲೆ, ಬಿಳಿಜೋಳ ಬಿತ್ತುವ ನಮ್ಮ ಎರೆಹೊಲಗಳ ರೈತ ಇಂದಿಗೂ ಕೃಷ್ಣೆಯ ನೀರಿನ ದಾರಿ ಕಾಯುತ್ತಿದ್ದಾನೆ. ಕೊಪ್ಪಳ ಏತ ನೀರಾವರಿಯ ಹೆಸರನ್ನು ಎಷ್ಟು ಬಜೆಟ್‌ಗಳಲ್ಲಿ, ಎಷ್ಟು ಚುನಾವಣೆಗಳಲ್ಲಿ ಕೇಳಿದ್ದೇವೆ! ಹಣ ಬಂದಿಲ್ಲ ಎಂದು ಗೋಳಾಡುವುದು ಒಂದು ಮಾತು. ಬಂದದ್ದು ಏನಾಯಿತು ಎಂದು ಕೇಳದೆ ಕೂತದ್ದು ನಮ್ಮದೇ ತಪ್ಪು.

‘ಇದೆಲ್ಲ ಓದಿದವರ ಕೆಲಸ, ನಮಗೆಲ್ಲಿ ತಿಳಿಯುತ್ತದೆ’ ಎನ್ನುವವರಿಗೆ ನಾನು ನಮ್ಮದೇ ಸ್ತ್ರೀಶಕ್ತಿ ಸಂಘಗಳನ್ನು ತೋರಿಸುತ್ತೇನೆ. ವಾರದ ಸಭೆಯಲ್ಲಿ ಹೆಬ್ಬೆಟ್ಟು ಒತ್ತುವ ತಾಯಂದಿರೂ ಲೆಕ್ಕ ಓದಿಸಿ ಕೇಳುತ್ತಾರೆ. ಹತ್ತು ರೂಪಾಯಿ ತಾಳೆಯಾಗದಿದ್ದರೆ ಠರಾವು ಪುಸ್ತಕಕ್ಕೆ ಸಹಿ ಬೀಳುವುದಿಲ್ಲ. ಲೆಕ್ಕ ಕೇಳಲು ಪದವಿ ಬೇಕಿಲ್ಲ. ಹಣ ತನ್ನದು ಎಂಬ ಅರಿವು ಸಾಕು. ರಾಜಸ್ಥಾನದ ಹಳ್ಳಿಗಳಲ್ಲಿ 1994ರಲ್ಲಿ ಕೂಲಿಕಾರರು ಪಂಚಾಯಿತಿಯ ಮಸ್ಟರ್ ರೋಲುಗಳನ್ನು ಬಯಲಿನಲ್ಲಿ ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರಿಗೆ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು, ಎಲ್ಲ ಬಯಲಾಯಿತು. ಇಡೀ ದೇಶಕ್ಕೆ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದದ್ದು ಅಂಥ ಹೋರಾಟದಿಂದ.

ಆ ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ಕಚೇರಿ ತನಗೆ ಬಂದ ಅನುದಾನ, ಮಾಡಿದ ವೆಚ್ಚವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಿ. ಬಿಪಿಎಲ್ ಕಾರ್ಡು ಇದ್ದರೆ ಅದೂ ಬೇಡ. 30 ದಿನದೊಳಗೆ ಉತ್ತರ ಬರಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಅಧಿಕಾರ ಇದೇ ಕಾಯ್ದೆಯ ಎರಡನೇ ಕಲಮಿನಲ್ಲಿದೆ: ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಕೊಡಿ ಎಂದು ಕೇಳಬಹುದು. ಅಂಚು ಒಡೆದ ಆ ಸಿಮೆಂಟ್ ರಸ್ತೆಯ ತುಂಡನ್ನು ಅಜ್ಜಿ ಕಾನೂನಿನ ಪ್ರಕಾರವೇ ಕೇಳಿ ಪಡೆಯಬಹುದು.

ನಮ್ಮ ಕುಕನೂರು ತಾಲ್ಲೂಕಿನ ಇಟಗಿಯ ಮಹಾದೇವ ದೇವಾಲಯವನ್ನು ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು ಎಂಬುದು 1112ರ ಶಾಸನದಲ್ಲಿ ಇವತ್ತಿಗೂ ಓದಲು ಸಿಗುತ್ತದೆ. ಅದೇ ತಾಲ್ಲೂಕಿನಲ್ಲಿ ನಿನ್ನೆ ಮೊನ್ನೆ ಮುಗಿದ ರಸ್ತೆಯ ಮೊತ್ತ ಸಿಗುವುದಿಲ್ಲ ಎಂದರೆ ಅದನ್ನು ಒಪ್ಪಿಕೊಳ್ಳಬಾರದು.

ನಮ್ಮ ಯಲಬುರ್ಗಾ ಕ್ಷೇತ್ರದ ಶಾಸಕರಾದ ಬಸವರಾಜ ರಾಯರಡ್ಡಿಯವರು 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿಗಳ ಆರ್ಥಿಕ ಸಲಹೆಗಾರರಾದವರು. ರಾಜ್ಯದ ಹಣಕಾಸಿನ ಒಳಹೊರಗು ಅವರಿಗೆ ಗೊತ್ತು. ಅವರಿಗೆ ನನ್ನ ಬಿನ್ನಹ: ಕುಕನೂರು ಮತ್ತು ಯಲಬುರ್ಗಾ ತಾಲ್ಲೂಕುಗಳಿಗೆ ಮಂಡಳಿಯಿಂದ ಮಂಜೂರಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು, ಬಾಕಿ ಇರುವುದು, ಇಷ್ಟನ್ನೂ ಊರುವಾರು ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿ ಪಂಚಾಯಿತಿಯ ಗೋಡೆಗೆ ಹಚ್ಚಿಸಿ. 41 ಕ್ಷೇತ್ರಗಳಲ್ಲಿ ಮೊದಲನೆಯದು ನಮ್ಮದಾಗಲಿ. ಮಂಡಳಿಯ ವಾರ್ಷಿಕ ವರದಿಗೆಂದೇ ಸದನದಲ್ಲಿ ಒಂದು ಪೂರ್ತಿ ದಿನ ಮೀಸಲಿಡಿ ಎಂದು ಉಳಿದ 40 ಶಾಸಕರನ್ನೂ ಕೂಡಿಸಿಕೊಂಡು ಪಟ್ಟು ಹಿಡಿಯಿರಿ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದದ್ದು ಇಂಥ ಚರ್ಚೆಗೆಂದೇ.

ನಮ್ಮ ಪಾಲಿನ ಕೆಲಸ ಊರಿನಲ್ಲೇ ಇದೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಬೇಕು, ಕಾಮಗಾರಿಗಳನ್ನು ಜನರ ಜೊತೆ ಹೋಗಿ ನೋಡಬೇಕು. ಬಹಳ ಕಡೆ ಅದು ನಾಲ್ಕು ಸಹಿಗಳಲ್ಲಿ ಮುಗಿದುಹೋಗುತ್ತದೆ, ಯಾಕೆಂದರೆ ನಾವು ಹೋಗುವುದಿಲ್ಲ. ಈ ಸಲ ಹೋಗೋಣ. ಕುಕನೂರಿನ ಕಾಲೇಜು ಹುಡುಗರೇ, ನಿಮ್ಮ ಮೊಬೈಲಿನಲ್ಲಿ ಫಲಕದ ಫೋಟೊ ತೆಗೆಯಿರಿ, ಖಾಲಿ ಬಿಟ್ಟ ಜಾಗಗಳನ್ನು ಗುರುತು ಹಾಕಿರಿ. ಮಾಸ್ತರರೇ, ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಿ. ಸಂಘದ ತಾಯಂದಿರೇ, ನಿಮ್ಮ ಸಂಘದಲ್ಲಿ ಕೇಳುವ ಹಾಗೆಯೇ ಅಲ್ಲೂ ಗಟ್ಟಿಯಾಗಿ ಲೆಕ್ಕ ಓದಿಸಿ ಕೇಳಿ. ‘ನಿನಗ್ಯಾಕ’ ಎಂದು ಯಾರಾದರೂ ಅಂದರೆ ಎದ್ದು ನಿಂತು ಹೇಳಿ: ರೊಕ್ಕ ನಂದೈತಿ, ಲೆಕ್ಕ ನನಗ ಬೇಕು.