ಅಜ್ಜಿಯ ಪದಕ್ಕೊಂದು ಕೋಣೆ

ಕಳೆದ ಹದಿನೈದು ದಿನ ನಮ್ಮ ಮನೆಯಲ್ಲಿ ಯಾವ ಸಾಮಾನೂ ಇದ್ದ ಜಾಗದಲ್ಲಿ ಇರಲಿಲ್ಲ. ಬೀರು ನಡುಮನೆಗೆ ಬಂದಿತ್ತು. ಕುರ್ಚಿಗಳು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದವು. ನನ್ನ ಕನ್ನಡಕ ಹಿಟ್ಟಿನ ಡಬ್ಬಿಯ ಮೇಲೆ ಸಿಕ್ಕಿತು. ಇದಕ್ಕೆಲ್ಲ ಕಾರಣ ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು. "ತಾತಾ, ಹಿಂದಿನ ಕೋಣೆ ನನಗೆ ಬಿಟ್ಟುಕೊಡ್ರಿ. ಅಜ್ಜಿ ಪದ ಎಲ್ಲಾ ರೆಕಾರ್ಡ್ ಮಾಡ್ಬೇಕು" ಅಂದಳು.

ನನ್ನ ಹೆಂಡತಿಗೆ ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಎಷ್ಟು ಬರುತ್ತವೆಂದು ಅವಳಿಗೇ ಲೆಕ್ಕವಿಲ್ಲ. ಒಂದನ್ನೂ ಬರೆದಿಟ್ಟಿಲ್ಲ. ಹೋದ ಚಳಿಗಾಲದ ಕೆಮ್ಮಿನ ನಂತರ ದನಿ ಮೇಲಕ್ಕೆ ಏರುವಾಗ ಒಡೆಯುತ್ತಿದೆ. ಕೆಲವು ಸಲ ಪದದ ನಡುವೆ ನಿಂತು ಸುಮ್ಮನೆ ಮಾಳಿಗೆ ನೋಡುತ್ತಾಳೆ. ಅದನ್ನು ನನಗಿಂತ ಮೊದಲು ಗಮನಿಸಿದವಳು ಮೊಮ್ಮಗಳೇ.

ಆ ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಅದರಲ್ಲಿ ನಮ್ಮ ಅವ್ವನ ಬೇವಿನ ಮಂಚ, ಕಬ್ಬಿಣದ ಬೀರು, ಒಂದು ಟ್ರಂಕು, ನಾಟಕಗಳಿಗೆ ನಮ್ಮಪ್ಪ ನುಡಿಸುತ್ತಿದ್ದ ಪೇಟಿ. "ಮೊದಲು ಮಂಚ ಹೊರಗೆ ಹಾಕೋಣ" ಎಂದಾಗ ನನಗೆ ಸಿಟ್ಟು ಬಂತು. ಅವ್ವ ಕೊನೆಯ ನಾಲ್ಕು ವರ್ಷ ಮಲಗಿದ್ದ ಮಂಚ ಅದು. ಏನೋ ಬಿರುಸಾಗಿ ಅಂದೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಸಂಜೆ ನಾನೇ ಪಕ್ಕದ ಮನೆ ಹುಡುಗರನ್ನು ಕರೆದು ಮಂಚವನ್ನೂ ಅದರ ಮೇಲಿನ ಕೌದಿಗಳನ್ನೂ ಅಂಗಳಕ್ಕೆ ಹಾಕಿಸಿದೆ.

ಖಾಲಿ ಕೋಣೆಯಲ್ಲಿ ಅವಳು ಒಂದು ಚಪ್ಪಾಳೆ ತಟ್ಟಿದಳು. ಸದ್ದು 'ಟರ್ರ್' ಎಂದು ಗೋಡೆಯಿಂದ ಗೋಡೆಗೆ ಓಡಾಡಿತು. ಅಜ್ಜಿಯನ್ನು ಕೂರಿಸಿ ಹಾಡಿಸಿದರೆ ಬಾವಿಯೊಳಗಿಂದ ಹಾಡಿದ ಹಾಗಿತ್ತು. ಒಂದೊಂದು ಮಾತೂ ಮುಂದಿನ ಮಾತಿನ ಮೇಲೆ ಬಿದ್ದು ಕಲಸಿಹೋಗುತ್ತಿತ್ತು.

ಯಾಕೆ ಹೀಗೆ? ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಾವು ಕೂಗಿದ್ದು ಬೇರೆಯಾಗಿ ತಿರುಗಿ ಕೇಳಬೇಕಾದರೆ ಎದುರಿನ ಗೋಡೆಯೋ ಬಂಡೆಯೋ ಸುಮಾರು 17 ಮೀಟರ್ ದೂರ ಇರಬೇಕು. ನಮ್ಮ ಕೋಣೆಯಲ್ಲಿ ಸದ್ದು ಹೋಗಿ ಬರಲು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ ಸಾಕು. ಹಾಗಾಗಿ ಮಾರ್ದನಿ ಬೇರೆಯಾಗಿ ಕೇಳದು, ಮೂಲ ದನಿಗೇ ಅಂಟಿಕೊಂಡು ಗುಂಯ್‌ಗುಡುತ್ತದೆ. ಗಾರೆ ಗೋಡೆ, ಕಡಪ ಕಲ್ಲಿನ ನೆಲ ಸದ್ದನ್ನು ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಅದನ್ನು ನುಂಗುವುದು ಹತ್ತಿ, ಬಟ್ಟೆ, ಹಾಸಿಗೆ. ಅಂದರೆ ನಾವು ಅಂಗಳಕ್ಕೆ ಹಾಕಿದ್ದವೇ!

ಮಂಚ ಒಳಗೆ ಬಂತು. ನಾನು ಏನೂ ಮಾತಾಡಲಿಲ್ಲ, ಮೀಸೆಯಲ್ಲೇ ನಕ್ಕೆ.

ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಅವ್ವನ ಕೌದಿ ನಾಲ್ಕಿದ್ದವು. ಎರಡನ್ನು ಎದುರುಬದುರು ಗೋಡೆಗೆ ಇಳಿಬಿಟ್ಟೆವು. ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ಹಗ್ಗ ಕಟ್ಟಿ ಹಾಕಿದರೆ ಇನ್ನೂ ಚೆನ್ನಾಗಿ ಸದ್ದು ಹೀರುತ್ತದೆ. ಒಂದನ್ನು ಪೇಟಿಯ ಅಡಿಗೆ ಹಾಸಿದೆವು. ನನ್ನ ಪುಸ್ತಕದ ಕಪಾಟು ಮೂರನೇ ಗೋಡೆಗೆ ಬಂತು, ಎತ್ತರ ತಗ್ಗಿನ ಪುಸ್ತಕಗಳು ಸದ್ದನ್ನು ಚದುರಿಸುತ್ತವೆ. ಮೊಮ್ಮಗಳಿಗೆ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸುವ ಆಸೆಯಿತ್ತು. ಅದರಿಂದ ಹೊರಗಿನ ಗದ್ದಲ ನಿಲ್ಲುವುದಿಲ್ಲ, ಜಿರಳೆ ಮಾತ್ರ ಬರುತ್ತವೆ ಎಂದು ಬಿಡಿಸಿದೆ.

"ಮನೆಯೊಳಗೇ ರೇಡಿಯೋ ಸ್ಟೇಷನ್ ಮಾಡ್ತೀರೇನು?" ಎಂದು ಅಜ್ಜಿ ಗದರಿದಳು. ಯಾಕೆ ಮಾಡಬಾರದು? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಬಾನುಲಿ ಕೇಂದ್ರ ತೆರೆದದ್ದು ತಮ್ಮ ಮನೆಯಲ್ಲೇ. ಮನೆಯ ಹೆಸರು ವಿಠ್ಠಲ ವಿಹಾರ. ಆ ಕೇಂದ್ರದ ಹೆಸರು 'ಆಕಾಶವಾಣಿ', ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. ಇದನ್ನು ಹೇಳಿದ ಮೇಲೆ ಅಜ್ಜಿ ಗದರುವುದನ್ನು ಬಿಟ್ಟು ತಲೆ ಬಾಚಿಕೊಂಡು ಬಂದಳು.

ಆಮೇಲೆ ಒಂದು ಕಳ್ಳ ಸದ್ದು ಕಾಡಿತು. ಅಜ್ಜಿ ಒಂದು ಸ್ವರಕ್ಕೆ ಏರಿದಾಗ ಮಾತ್ರ ಎಲ್ಲಿಂದಲೋ 'ಝೇಂ' ಎನ್ನುತ್ತಿತ್ತು. ಬೇರೆ ಸ್ವರಕ್ಕೆ ಇಲ್ಲ. ಅಟ್ಟದ ಹಿತ್ತಾಳೆ ಬಿಂದಿಗೆ ಇಳಿಸಿದೆವು, ದೇವರ ಪಟ ತೆಗೆದೆವು, ಕಿಟಕಿ ಗಾಜಿಗೆ ಕಾಗದ ಸಿಗಿಸಿದೆವು. ಪೇಟಿಯಲ್ಲಿ ಅದೇ ಮನೆ ಒತ್ತಿ ಹಿಡಿದು ನಾನು ಕೂತೆ. ಮೊಮ್ಮಗಳು ಒಂದೊಂದೇ ಸಾಮಾನಿನ ಮೇಲೆ ಕೈಯಿಟ್ಟು ನೋಡುತ್ತ ಹೋದಳು. ಕೊನೆಗೆ ಸಿಕ್ಕಿದ್ದು ಬೀರುವಿನ ಸಡಿಲ ಹಿಡಿಕೆ! ಪ್ರತಿ ವಸ್ತುವಿಗೂ ತನ್ನದೇ ಒಂದು ಕಂಪನ ಇರುತ್ತದೆ, ಅದಕ್ಕೆ ಹೊಂದುವ ಸ್ವರ ಕೇಳಿದರೆ ತಾನೂ ಅದುರುತ್ತದೆ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಸಣ್ಣ ಕಂಬಗಳಿಗೂ ಹೀಗೆ ಅವುಗಳದೇ ನಾದ ಉಂಟು. ನಾನು ಹುಡುಗನಾಗಿದ್ದಾಗ ಬೆರಳಲ್ಲಿ ತಟ್ಟಿ ಕೇಳಿದ್ದೆ. ಈಗ ತಟ್ಟುವಂತಿಲ್ಲ, ಕಂಬಗಳ ಒಳ್ಳೆಯದಕ್ಕೇ. ನಮ್ಮ ಬೀರು ಮಾತ್ರ ನಡುಮನೆಗೆ ಗಡೀಪಾರಾಯಿತು.

ಮೈಕನ್ನು ಬೀದಿ ಕಿಟಕಿಗೆ ಬೆನ್ನು ಮಾಡಿ ಇಟ್ಟೆವು. ಅಜ್ಜಿಯ ಬಾಯಿಗೆ ಒಂದು ಗೇಣು ದೂರ, ತುಸು ಓರೆಯಾಗಿ. ನೇರ ಇಟ್ಟರೆ 'ಪ', 'ಬ' ಅಂದಾಗಲೆಲ್ಲ ಉಸಿರು ಬಡಿದು ಪಟಾಕಿ ಹೊಡೆದ ಹಾಗೆ ಕೇಳುತ್ತದೆ. ಆದರೂ ಫ್ಯಾನು, ಫ್ರಿಜ್ಜು, ಪಕ್ಕದವರ ನೀರಿನ ಮೋಟಾರು, ದೂರದ ರೈಸ್ ಮಿಲ್ಲು, ಎಲ್ಲ ಸೇರಿ ಒಂದು ಮೊರೆತ. ಕೌದಿ ಇದನ್ನು ತಡೆಯದು. ಏನು ಮಾಡೋದೆಂದು ಕೂತಿದ್ದಾಗ ಕರೆಂಟ್ ಹೋಯಿತು. ಇಡೀ ಓಣಿ ಒಮ್ಮೆಗೇ ಸ್ತಬ್ಧ. "ತಾತಾ, ಈಗ!" ಎಂದು ಮೊಮ್ಮಗಳು ಫೋನ್ ಒತ್ತಿದಳು. ಜೀವಮಾನದಲ್ಲಿ ಮೊದಲ ಸಲ ಕರೆಂಟ್ ಬಾರದಿರಲಿ ಎಂದು ಬೇಡಿಕೊಂಡೆ.

ಅಜ್ಜಿ ಮಂಚದ ಅಂಚಿನಲ್ಲಿ ಕೂತು, ಬೀಸುವ ಕಲ್ಲಿನ ಗೂಟ ಹಿಡಿದವಳ ಹಾಗೆ ಕೈ ಆಡಿಸುತ್ತ ಹಾಡಿದಳು. ಕೈ ಆಡದಿದ್ದರೆ ಅವಳಿಗೆ ಪದ ಬರುವುದಿಲ್ಲ. ಮೂರು ಪದ ಮುಗಿದವು. ನಾಲ್ಕನೆಯದು ಅವಳ ತವರಿನದು. ಅರ್ಧಕ್ಕೆ ನಿಂತಳು. ಮುಂದಿನ ನುಡಿ ನೆನಪಾಗಲಿಲ್ಲ. ಕಣ್ಣು ಒರೆಸಿಕೊಂಡು, "ನಮ್ಮ ಅಕ್ಕಗೆ ಬರತೈತಿ" ಅಂದಳು.

ಅಕ್ಕ ಇರುವುದು ಹೊಳೆಯಾಚೆ, ಚಿಕ್ಕಜಂತಕಲ್ಲಿನಲ್ಲಿ. ಎಂಬತ್ತು ದಾಟಿದವರು, ಫೋನಿನಲ್ಲಿ ಕಿವಿ ಕೇಳದು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ. ಕಂಪ್ಲಿ ಸೇತುವೆ ಮುಳುಗಿದೆ. ಸುತ್ತಿ ಬರುವ ದಾರಿಯಲ್ಲಿ ಅವರನ್ನು ಕುಲುಕಾಡಿಸಿ ತರುವುದು ಬೇಡ ಎಂದು ಅಜ್ಜಿಯೇ ತಡೆದಳು. ಮೊಮ್ಮಗಳು ದಿನಾ ಶಾಲೆಯಿಂದ ಬರುವಾಗ ಹೊಳೆ ನೋಡಿಕೊಂಡು ಬರುತ್ತಾಳೆ. ನಿನ್ನೆ ಸೇತುವೆ ತುಸು ಕಾಣುತ್ತಿತ್ತಂತೆ. ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದು, ತಲೆದಿಂಬಿನ ಕಡೆ ಅಕ್ಕನಿಗೆ ಕೂರಲು ನಾಲ್ಕನೇ ಕೌದಿ ಹಾಸಿಟ್ಟಿದ್ದೇವೆ.